ಜಂಬಿಟ್ಟಿಗೆ ಗೋಡೆಯ ಮೇಲೆ ಹೊರಿಸಿದ ತಪ್ಪು

ಮ್ಯಾನೇಜರ್ ಅವರಿಗೆ,

ನಾಲ್ಕು ಸಲ ಫೋನ್ ಮಾಡಿದ್ದಾಯಿತು. ಎರಡು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಬಂದಿದ್ದೂ ಆಯಿತು. ಇನ್ನು ಕಾಗದ.

ನಮ್ಮ ಅಡಿಕೆ ಕೋಣೆಯ ಶಟರ್‌ಗೆ ನಿಮ್ಮವರು ಅಲಾರಂ ಹಾಕಿ ಹೋದರು: ಶಟರಿನ ಮೈಗೆ ಆಯಸ್ಕಾಂತ, ಪಕ್ಕದ ಗೋಡೆಗೆ ಸೆನ್ಸರ್. ಅವತ್ತಿನಿಂದ ಗಾಳಿಗೆ ಶಟರ್ ಅಲುಗಿದರೆ ಸಾಕು, ಬಡಿದುಕೊಳ್ಳುತ್ತದೆ. ಮೊದಲ ರಾತ್ರಿ ಪಕ್ಕದ ಮನೆಯವರು ಕತ್ತಿ, ಟಾರ್ಚ್ ಹಿಡಿದು ಓಡಿ ಬಂದರು. ಈಗ ಯಾರೂ ಬರುವುದಿಲ್ಲ. ನಿಜವಾದ ಕಳ್ಳ ಬಂದರೂ ಬರುವುದಿಲ್ಲ.

ಕಳೆದ ಶನಿವಾರ ನಿಮ್ಮ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ಕುರ್ಚಿ ಇತ್ತು, ಅದರಲ್ಲಿ ನಿಮ್ಮ ಹುಡುಗನ ಹೆಲ್ಮೆಟ್ ಕೂತಿತ್ತು. ಕೌಂಟರಿನವರು ಮೊಬೈಲಿನಿಂದ ತಲೆ ಎತ್ತದೆ "ಗೋಡೆ ಯಾವುದು?" ಎಂದರು. ಜಂಬಿಟ್ಟಿಗೆ ಎಂದೆ. "ಅದೇ ಮತ್ತೆ! ಅದ್ರಲ್ಲಿ ಕಬ್ಬಿಣ ಇರುತ್ತೆ ಯಜಮಾನ್ರೇ, ಮ್ಯಾಗ್ನೆಟ್ ಪವರ್ ಎಲ್ಲಾ ಎಳ್ಕೊಳ್ಳುತ್ತೆ. ಒಡೆಸಿ ಕಾಂಕ್ರೀಟ್ ಹಾಕ್ಸಿ." ಶಟರ್ ಕೂಡ ಕಬ್ಬಿಣದ್ದೇ ಅಲ್ವಾ ಎಂದು ಕೇಳಿದೆ. "ನೀವು ಅಡಿಕೆ ನೋಡ್ಕೊಳ್ಳಿ, ಸೈನ್ಸ್ ನಮಗೆ ಬಿಡಿ." ಹಿಂದೆ ನಿಂತಿದ್ದ ಐದಾರು ಜನ ನಕ್ಕರು. ಹೆಲ್ಮೆಟ್ಟಿನ ಹುಡುಗನೂ ನಕ್ಕ. ಆಮೇಲೆ ವಿಸಿಟ್ ಚಾರ್ಜ್ ಅಂತ 500 ರೂಪಾಯಿಗೆ ರಸೀದಿ ಹರಿದು ಕೊಟ್ಟರು. ವಿಸಿಟ್ ಮಾಡಿದ್ದು ನಾನು!

ಮನೆಗೆ ಬಂದು ಮಗಳ ದಿಕ್ಸೂಚಿ ತೆಗೆದೆ. ನಿಮ್ಮ ಆಯಸ್ಕಾಂತ ಹತ್ತಿರ ಇಟ್ಟರೆ ಮುಳ್ಳು ಅದರ ಕಡೆ ತಿರುಗಿತು. ನಡುವೆ ಹಲಸಿನ ಹಲಗೆ ಇಟ್ಟೆ, ಹೆಂಚು ಇಟ್ಟೆ, ಜಂಬಿಟ್ಟಿಗೆ ಚೂರು ಇಟ್ಟೆ. ಮುಳ್ಳು ಕದಲಲಿಲ್ಲ. ದೋಸೆ ಕಾವಲಿ ಅಡ್ಡ ಹಿಡಿದೆ. ಆಯಸ್ಕಾಂತದ ಹಿಡಿತ ತಪ್ಪಿ ಮುಳ್ಳು ಓಲಾಡಿತು.

ಜಂಬಿಟ್ಟಿಗೆಯಲ್ಲಿ ಕಬ್ಬಿಣ ಇರುವುದು ನಿಜ, ಆ ಕೆಂಪು ಬಣ್ಣ ಅದರದ್ದೇ. ಆದರೆ ಅದು ತುಕ್ಕಿನ ಜಾತಿ, ಆಯಸ್ಕಾಂತಕ್ಕೆ ಲೆಕ್ಕಕ್ಕೇ ಇಲ್ಲ ಅನ್ನಬಹುದು. ಮರ, ಇಟ್ಟಿಗೆ, ಸಿಮೆಂಟೂ ಹಾಗೆಯೇ. ಉಕ್ಕು ಮಾತ್ರ ಆ ಬಲವನ್ನು ತನ್ನೊಳಗೇ ಹರಿಸಿಕೊಳ್ಳುತ್ತದೆ. ನೀವು ಹಾಕಿಸಿ ಅಂದ ಕಾಂಕ್ರೀಟಿನ ಒಳಗೆ ಇರುವುದೇನು ಸ್ವಾಮಿ, ಬಿದಿರಾ?

ನಿಮ್ಮ ಸೆನ್ಸರಿನಲ್ಲಿ ಒಂದು ಗಾಜಿನ ಕೊಳವೆ, ಅದರೊಳಗೆ ಎರಡು ತೆಳು ಪಟ್ಟಿ. ಆಯಸ್ಕಾಂತ ಹತ್ತಿರ ಇದ್ದರೆ ಕೂಡುತ್ತವೆ, ದೂರ ಹೋದರೆ ಬಿಡುತ್ತವೆ, ಅಲಾರಂ ಬಡಿದುಕೊಳ್ಳುತ್ತದೆ. ಆಯಸ್ಕಾಂತವನ್ನು ಶಟರಿನ ಮೈಗೇ ಅಂಟಿಸಿದರೆ ಪಟ್ಟಿಗಳಿಗೆ ಉಳಿಯುವುದು ಚೂರುಪಾರು ಬಲ. ಕಬ್ಬಿಣದ ಬಾಗಿಲಾದರೆ ಆಯಸ್ಕಾಂತದ ಕೆಳಗೆ ಪ್ಲಾಸ್ಟಿಕ್ ತುಂಡು ಕೊಡಿ ಎಂದು ನಿಮ್ಮದೇ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ನಿಮ್ಮವರು ನೋಡಿರುತ್ತಾರೆ, ಸೈನ್ಸ್ ನಿಮ್ಮದು ತಾನೇ. ನಾನು ಅರ್ಧ ಇಂಚಿನ ಹಲಸಿನ ಚಕ್ಕೆ ಕೊಟ್ಟೆ. ಐದು ರಾತ್ರಿಯಿಂದ ಅಲಾರಂ ಸುಮ್ನಿದೆ.

ಚಕ್ಕೆಯ ದುಡ್ಡು ಬೇಡ, ಮರ ನಮ್ಮದೇ. 500 ರೂಪಾಯಿ ವಾಪಸ್ ಬರಬೇಕು, ಸೆನ್ಸರನ್ನು ಸರಿಯಾಗಿ ಕೂರಿಸಿ ಕೊಡಬೇಕು. 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ.

ಅದಕ್ಕೂ ಮೊದಲು ಒಂದು ಶನಿವಾರ ನಿಮ್ಮ ಅಂಗಡಿ ತುಂಬಿರುವ ಹೊತ್ತಿಗೇ ಬರುತ್ತೇನೆ, ದಿಕ್ಸೂಚಿ, ದೋಸೆ ಕಾವಲಿ ಎರಡನ್ನೂ ಹಿಡಿದುಕೊಂಡು. ಆ ಹೆಲ್ಮೆಟ್ ತೆಗೆಸಿಡಿ.

ಇಂತಿ,
ನಿಮ್ಮ ಅಡಿಕೆ ಗಿರಾಕಿ