ಕುದುರೆಮುಖ ಚಾರಣ: ಇನ್ನು ಮುಂದೆ ಹನ್ನೆರಡೂವರೆಗೆ ಎಲ್ಲಿದ್ದರೂ ವಾಪಸ್

ಮಾನ್ಯ ಗ್ರಾಹಕರೇ, ನಮಸ್ಕಾರ.

ಬರುವ ಅಕ್ಟೋಬರ್ 1ರಿಂದ ನಮ್ಮ ಕುದುರೆಮುಖ ಚಾರಣದ ವೇಳಾಪಟ್ಟಿ ಬದಲಾಗುತ್ತಿದೆ. ಮುಳ್ಳೋಡಿಯಿಂದ ಬೆಳಿಗ್ಗೆ 7ಕ್ಕೆ ಹೊರಡುತ್ತೇವೆ. ಮಧ್ಯಾಹ್ನ 12:30ಕ್ಕೆ ತಂಡ ಎಲ್ಲಿರುತ್ತದೋ ಅಲ್ಲಿಂದಲೇ ಹಿಂದಿರುಗುತ್ತೇವೆ. ತುದಿಗೆ ಇನ್ನು ಹತ್ತೇ ನಿಮಿಷ ಇದ್ದರೂ ಇದೇ ನಿಯಮ. ಇದುವರೆಗೆ 9ರ ಸುಮಾರಿಗೆ ಹೊರಡುತ್ತಿದ್ದೆವು, ವಾಪಸಾಗುವ ಹೊತ್ತನ್ನು ಆ ದಿನದ ಗೈಡ್ ನೋಡಿಕೊಂಡು ಹೇಳುತ್ತಿದ್ದರು.

ಈ ಬದಲಾವಣೆಯಿಂದ ಹೆಚ್ಚು ತೊಂದರೆಯಾಗುವುದು ಬೆಂಗಳೂರಿನಿಂದ ಬರುವವರಿಗೆ ಎಂದು ಗೊತ್ತಿದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಕಳಸದಲ್ಲಿ ಇಳಿದು, ಮುಖ ತೊಳೆದು ನೇರವಾಗಿ ಬೆಟ್ಟ ಹತ್ತುವ ಕಾರ್ಯಕ್ರಮವನ್ನು ನಿಲ್ಲಿಸುತ್ತಿದ್ದೇವೆ. ಬಸ್ಸಿಳಿದು, ತಿಂಡಿ ಮುಗಿಸಿ, ಜೀಪಿನಲ್ಲಿ ಮುಳ್ಳೋಡಿ ಸೇರುವ ಹೊತ್ತಿಗೆ ಎಂಟೂವರೆ ದಾಟಿರುತ್ತದೆ. ಘಾಟಿಯ ತಿರುವುಗಳಲ್ಲಿ ಸರಿಯಾಗಿ ನಿದ್ದೆಯೂ ಆಗಿರುವುದಿಲ್ಲ. ಆ ಸುಸ್ತು ಹತ್ತುವಾಗ ಅಷ್ಟಾಗಿ ಕಾಣದೆ, ಸಂಜೆ ಇಳಿಯುವಾಗ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಚಾರಣದ ಹಿಂದಿನ ರಾತ್ರಿ ಸಂಸೆ ಅಥವಾ ಮುಳ್ಳೋಡಿಯಲ್ಲಿ ತಂಗುವುದು ಕಡ್ಡಾಯ.

ಹನ್ನೆರಡೂವರೆಯೇ ಏಕೆ ಎಂಬುದರ ಲೆಕ್ಕ ಹೀಗಿದೆ. ಮುಳ್ಳೋಡಿಯಿಂದ 1,894 ಮೀಟರ್ ಎತ್ತರದ ತುದಿಗೆ ಒಂದು ಬದಿಗೆ 9 ಕಿಲೋಮೀಟರಿನ ಆಸುಪಾಸು ದಾರಿ, ಸುಮಾರು 900 ಮೀಟರ್ ಏರು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಇದು 3 ಗಂಟೆ 20 ನಿಮಿಷದ ಹತ್ತಿರ ಬರುತ್ತದೆ. ಆದರೆ ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ ಆಗುವ ಲೆಕ್ಕ. ಹನ್ನೆರಡು ಜನರ ತಂಡ, ಹಳ್ಳ ದಾಟುವುದು, ತಿಂಡಿ, ಫೋಟೋ ಎಲ್ಲ ಸೇರಿದರೆ ನಾಲ್ಕೂವರೆಯಿಂದ ಐದು ಗಂಟೆ. 7ಕ್ಕೆ ಹೊರಟರೆ ಹನ್ನೆರಡರೊಳಗೆ ತುದಿ ಮುಟ್ಟಿ ಅರ್ಧ ಗಂಟೆ ಕೂರಬಹುದು. 9ಕ್ಕೆ ಹೊರಟರೆ ತುದಿ ಮುಟ್ಟುವುದೇ ಎರಡು ಗಂಟೆಗೆ.

ಇಳಿಯುವುದಕ್ಕೆ ಮೂರೂವರೆ ಗಂಟೆ ಇಟ್ಟುಕೊಂಡಿದ್ದೇವೆ. ಇಳಿಜಾರು ಬೇಗ ಮುಗಿಯುತ್ತದೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಎಳೆಸಿಕೊಂಡೇ ದೇಹದ ಭಾರವನ್ನು ತಡೆಯಬೇಕು. ಅದು ದಣಿದಾಗ ಮಂಡಿ ನಡುಗುತ್ತದೆ, ಒದ್ದೆ ಮಣ್ಣಿನ ಮೇಲೆ ಹಿಮ್ಮಡಿ ಜಾರುತ್ತದೆ. ಕಾಲು ಉಳುಕಿದ ಒಬ್ಬರನ್ನು ಹಿಡಿದು ಇಳಿಸಬೇಕಾದರೆ ಮೂರೂವರೆ ಗಂಟೆ ಆರಾಗುತ್ತದೆ. 12:30ಕ್ಕೆ ತಿರುಗಿದ್ದರೆ ಆಗಲೂ ಆರೂವರೆಗೆ ಗೇಟು ಸೇರಬಹುದು. ಎರಡಕ್ಕೆ ತಿರುಗಿದ್ದರೆ ಕತ್ತಲಲ್ಲಿ ಕಾಡಿನೊಳಗೇ ಉಳಿಯಬೇಕಾಗುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಕಣಿವೆಗಳ ದಟ್ಟ ಶೋಲಾ ಕಾಡಿನ ಒಳಗೆ ಅದಕ್ಕೂ ಮುಂಚೆಯೇ ಮಬ್ಬು.

ಇನ್ನೊಂದು ಕಾರಣ ಮಳೆ, ಸಿಡಿಲು. ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ನಡುದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿದ ಮೇಲೆ ದಾರಿಯ ಬಹುಭಾಗ ಬೋಳು ಹುಲ್ಲುಗಾವಲು, ಅಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ನಡೆಯುವ ಮನುಷ್ಯನೇ. ಗುಡುಗು ಕೇಳಿದ ಕೂಡಲೇ ದಿಣ್ಣೆ ಬಿಟ್ಟು ತಗ್ಗಿಗೆ ಇಳಿಸುತ್ತೇವೆ, ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವ ತನಕ ಯಾರೂ ಮತ್ತೆ ದಿಣ್ಣೆ ಏರುವಂತಿಲ್ಲ. ಬೆಳಿಗ್ಗೆ ಪಾದ ನೆನೆಸಿಕೊಂಡು ದಾಟಿದ ಹಳ್ಳ, ಮೇಲೆ ಜೋರು ಮಳೆಯಾದರೆ ಸಂಜೆಗೆ ತೊಡೆಯ ಮಟ್ಟಕ್ಕೆ ಬಂದಿರುತ್ತದೆ. ಮಂಡಿಗಿಂತ ಮೇಲೆ ನೀರಿದ್ದರೆ ದಾಟಿಸುವುದಿಲ್ಲ. ಇಂಥ ಕಡಿದಾದ ಹಳ್ಳಗಳು ಮಳೆ ನಿಂತ ಮೇಲೆ ಸಾಮಾನ್ಯವಾಗಿ ಬೇಗ ಇಳಿಯುತ್ತವೆ, ಕಾಯುವುದಕ್ಕೆ ಕೈಯಲ್ಲಿ ಹೊತ್ತಿದ್ದರೆ ಸಾಕು. ದಾಟುವಾಗ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿರಬೇಕು. ಬಿದ್ದರೆ ಬ್ಯಾಗ್ ಬಿಟ್ಟು ಏಳಬಹುದು.

ಒಂಟಿಮರಕ್ಕೆ 9:30ರೊಳಗೆ ತಲುಪದವರನ್ನು ಅಲ್ಲಿಂದಲೇ ಎರಡನೇ ಗೈಡ್ ಜೊತೆ ಕೆಳಗೆ ಕಳಿಸುತ್ತೇವೆ. ತುದಿ ಕಣ್ಣಿಗೆ ಕಾಣುವ ಜಾಗದಲ್ಲಿ ತಿರುಗಿ ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ತೀರ್ಮಾನವನ್ನು ಕೆಳಗೇ ಮಾಡುವುದು ಒಳ್ಳೆಯದು. ಒಂಟಿಮರದಿಂದ ಕಾಣುವ ಬೆಟ್ಟಸಾಲು ಏನೂ ಕಡಿಮೆಯದಲ್ಲ.

ಹೊರಡುವ ಮುನ್ನ ದಯವಿಟ್ಟು ನಿಮ್ಮ ಶೂ ನೋಡಿಕೊಳ್ಳಿ. ನಡುದಾರಿಯಲ್ಲಿ ಕೈಕೊಡುವುದರಲ್ಲಿ ಹಳೆಯ ಶೂಗಳದ್ದೇ ದೊಡ್ಡ ಪಾಲು. ಹೆಚ್ಚು ಹಾಕದೆ ನಾಲ್ಕೈದು ವರ್ಷ ಕಪಾಟಿನಲ್ಲಿಟ್ಟ ಶೂ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಆದರೆ ಅಟ್ಟೆಯ ಮೇಲಿನ ಮೆತ್ತನೆಯ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ಒಳಗೊಳಗೇ ಕೊಳೆತಿರುತ್ತದೆ. ನಡೆಯತೊಡಗಿದ ಮೇಲೆ ಅಟ್ಟೆ ಹೋಳಿಗೆಯ ಹಾಳೆಯಂತೆ ಕಳಚಿ ಬರುತ್ತದೆ. ಆ ಪದರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಶೂವನ್ನು ಮಧ್ಯಕ್ಕೆ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಅದು ಬೆಟ್ಟಕ್ಕೆ ಬೇಡ. ಕಾಲಿನ ಉಗುರು ಕತ್ತರಿಸಿ ಬನ್ನಿ, ಇಳಿಯುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ. ಇಲ್ಲದಿದ್ದರೆ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ.

ನೀರು ಮಳೆಗಾಲದಲ್ಲಿ 2 ಲೀಟರ್, ಜನವರಿಯಿಂದ ಮೇವರೆಗೆ 3 ಲೀಟರ್. ಜೊತೆಗೆ ಓಆರ್‌ಎಸ್ ಎರಡು ಪ್ಯಾಕೆಟ್. ಒಂದು ಲೀಟರಿಗೆ ಎಂದು ಬರೆದ ಪ್ಯಾಕೆಟನ್ನು ಪೂರ್ತಿ ಲೀಟರಿಗೇ ಕಲಸಿ. ಗಟ್ಟಿ ಮಾಡಿಕೊಂಡರೆ ಬಾಯಾರಿಕೆ ಹೆಚ್ಚುತ್ತದೆ, ಹೊಟ್ಟೆಯೂ ಕೆಡಬಹುದು. ಊಟವನ್ನು ನಾವೇ ಬಾಳೆಎಲೆಯಲ್ಲಿ ಕಟ್ಟಿಕೊಡುತ್ತೇವೆ. ಅದನ್ನು ತುದಿಗೆಂದು ಮೀಸಲಿಡದೆ ಹತ್ತು ಗಂಟೆಗೆ ಅರ್ಧ ತಿನ್ನಿ. ಇಂಬಳ ಕಚ್ಚಿದರೆ ಎಳೆಯಬೇಡಿ, ಬೆಂಕಿ ತಾಗಿಸಬೇಡಿ. ಬಾಯಿ ಅಂಟಿರುವ ಜಾಗದಲ್ಲಿ ಚರ್ಮಕ್ಕೆ ಉಗುರು ಒತ್ತಿ ಸರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲು ತಡೆಯುತ್ತದೆ, ಅಷ್ಟೆ.

ಹಣದ ವಿಷಯ. ನಿಯಮದ ಕಾರಣಕ್ಕೆ ತುದಿ ಮುಟ್ಟದೆ ತಿರುಗಿದವರು ಮತ್ತೆ ಬಂದರೆ ನಮ್ಮ ಗೈಡ್ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅರಣ್ಯ ಇಲಾಖೆಯ ಟಿಕೆಟ್, ಜೀಪು, ವಾಸ್ತವ್ಯ ಮಾತ್ರ ನಿಮ್ಮದು. ಅಕ್ಟೋಬರ್ 1 ಮತ್ತು ನಂತರದ ದಿನಗಳಿಗೆ ಹಳೆಯ ವೇಳಾಪಟ್ಟಿಯಂತೆ ಮುಂಗಡ ಕೊಟ್ಟವರು ದಿನ ಬದಲಿಸಿಕೊಳ್ಳಬಹುದು, ಬೇಡವೆಂದರೆ ನಮಗೆ ಕೊಟ್ಟ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ಇಲಾಖೆಯ ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚೆಯೇ ಮಾಡಿಸಬೇಕಾದ್ದರಿಂದ, ನಿಮ್ಮ ತೀರ್ಮಾನವನ್ನು ಚಾರಣಕ್ಕೆ ಹದಿನೈದು ದಿನ ಮೊದಲು ಕಚೇರಿಗೆ ಫೋನ್ ಮಾಡಿ ತಿಳಿಸಿ. ಬುಕಿಂಗಿನಲ್ಲಿ ನಮೂದಿಸಿದ ಗುರುತಿನ ಚೀಟಿಯ ಮೂಲಪ್ರತಿಯನ್ನೇ ತನ್ನಿ.

ಇತಿ ನಿಮ್ಮ ವಿಶ್ವಾಸಿಗಳು,
ಸಹಕಾರಿಯ ಗೈಡುಗಳು ಮತ್ತು ಕಚೇರಿ ಸಿಬ್ಬಂದಿ, ಕಳಸ