ಮೊದಲು ಕೂಲಿ ನೋಡಿ

ಮಾನ್ಯರೇ,

ಸಿಂಧನೂರಿನಲ್ಲಿ ಕಾಲುವೆ ಕಾಮಗಾರಿಯ ಮಾತು ಬಂದರೆ ‘ಬಾಂಗ್ಲಾದವರನ್ನು ಕೆಲಸಕ್ಕೆ ಹಚ್ಚಬಾರದು, ಅದಕ್ಕೆ ಕಾನೂನೇ ಬರಲಿ’ ಎನ್ನುವವರಿದ್ದಾರೆ. ಇಂಥ ಕಾನೂನು ಹೊಸದಲ್ಲ: ಸರ್ಕಾರಿ ಕಾಮಗಾರಿಗೆ ನಾಗರಿಕರು ಮಾತ್ರ ಎಂದು ಅಮೆರಿಕದ ನ್ಯೂಯಾರ್ಕ್ ರಾಜ್ಯ 1894ರಲ್ಲೇ ಕಾನೂನು ಮಾಡಿತ್ತು. ಆದರೆ ಅಲ್ಲಿ ಸುರಂಗ ರೈಲಿಗೆ ನೆಲ ಅಗೆದವರಲ್ಲಿ ಇಟಲಿಯ ಕೂಲಿಗಳೇ ಹೆಚ್ಚು. ಕೊನೆಗೆ 1915ರಲ್ಲಿ, ನಾಗರಿಕರು ಸಿಗದಿದ್ದರೆ ಬೇರೆಯವರೂ ಆಗಬಹುದೆಂದು ತಿದ್ದಿದರು.

ಇಂದಿನ ಬಾಂಗ್ಲಾದಿಂದ ಬಂದ, ನಮ್ಮ ಆರ್‌ಎಚ್ (ಪುನರ್ವಸತಿ) ಕ್ಯಾಂಪಿನ ಬಂಗಾಳಿ ನಿರಾಶ್ರಿತರನ್ನು ಕರೆತಂದು ನೆಲೆಗೊಳಿಸಿದ್ದು ಸರ್ಕಾರವೇ. ಕೆಲವರಿಗೆ ಪೌರತ್ವ ಸಿಕ್ಕಿದ್ದು 2024ರಲ್ಲಿ! ಪುಟ್ಟಿ ಹೊತ್ತವನ ಆಧಾರ್ ಕೇಳುವ ಮೇಸ್ತ್ರಿ, ಅವನಿಗೆ ಕನಿಷ್ಠ ಕೂಲಿ ಮುಟ್ಟಿತೇ ಎಂದು ಕೇಳುವುದಿಲ್ಲ. ಕೂಲಿ ಮುರಿಯಲು ಬಿಟ್ಟರೆ ಗುತ್ತಿಗೆದಾರ ಅಗ್ಗದವರನ್ನೇ ಹುಡುಕುತ್ತಾನೆ, ಊರಿನವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಾರ್ಮಿಕ ಇಲಾಖೆ ಕಾಮಗಾರಿ ಸ್ಥಳಕ್ಕೆ ಬಂದು ಹಾಜರಿ ಪುಸ್ತಕ ತೆರೆಸಲಿ.

– ಒಬ್ಬ ಓದುಗ, ಸಿಂಧನೂರು