ಊರು ಬದಲಿಸೋ ಯೋಚನೆಯಲ್ಲಿರುವವರಿಗೆ

ಎಲ್ಲರ ಗಮನಕ್ಕೆ. ಮಗು ಹುಟ್ಟೋಕೆ ಮುಂಚೆ ಬಾಡಿಗೆ ಕಡಿಮೆ ಇರೋ ಊರಿಗೆ ಹೋಗೋದಾ ಬೇಡವಾ ಅಂತ ನಮ್ಮ ಗುಂಪಿನ ಜೋಡಿಯೊಂದು ಯೋಚಿಸ್ತಿದೆ. ಬರೀ ಬಾಡಿಗೆ ನೋಡಿ ತೀರ್ಮಾನ ಮಾಡಬೇಡಿ. ನಾವು ಹೋದಾಗ ಬಾಡಿಗೆಯಲ್ಲಿ ಉಳಿದದ್ದೆಲ್ಲ ಎರಡನೇ ಗಾಡಿಗೆ, ಪೆಟ್ರೋಲ್‌ಗೆ ಹೋಯ್ತು. ಮಗುವಿಗೆ ಮೊದಲ ಸಲ ಜ್ವರ ಬಂದ ರಾತ್ರಿ ಒಬ್ಬರು ಎತ್ತಿಕೊಂಡು ಓಡಾಡ್ತಾ, ಇನ್ನೊಬ್ಬರು ಫೋನ್ ಹಿಡ್ಕೊಂಡು ಕೂತಿದ್ವಿ; ಬಾಗಿಲು ತಟ್ಟೋಕೆ ಪರಿಚಯದ ಒಂದು ಮನೆಯೂ ಇರಲಿಲ್ಲ. ಅಜ್ಜಿ-ತಾತ ಈಗ ಹತ್ತಿರವಿದ್ದರೆ ಅದನ್ನೂ ದಯವಿಟ್ಟು ಲೆಕ್ಕಕ್ಕೆ ಹಿಡಿಯಿರಿ. ಮನೆಯಿಂದಲೇ ಕೆಲಸ ಅಂತ ಆಫೀಸಿನವರು ಬಾಯಿಮಾತಲ್ಲಿ ಒಪ್ಪಿದ್ದರೆ ಸಾಲದು, ಬರಹದಲ್ಲಿ ಪಡೆಯಿರಿ. ಹೋದರೂ ಮನೆ ಕೊಳ್ಳೋ ಆತುರ ಬೇಡ, ಒಂದು ವರ್ಷ ಬಾಡಿಗೆಗಿದ್ದು ನೋಡಿ. ಹೀಗೆ ಹೋದವರು, ಹೋಗಿ ವಾಪಸ್ ಬಂದವರು ಈ ವಾರದೊಳಗೆ ಇಲ್ಲೇ ಬರೆಯಿರಿ. ಆ ಜೋಡಿ ಮನೆ ಮಾಲೀಕರಿಗೆ ಉತ್ತರ ಕೊಡಬೇಕಿದೆ.